ಸಾವಿನ ಮನೆಯಿಂದ ಹೊರಟವಳು

ಶಾಂಭವಿ ತೀರಿಕೊಂಡ ಸುದ್ದಿ ಬಂದಾಗ ಕಾಶಮ್ಮ ಹುಡುಗಿಯರಿಗೆ ನೆನೆಸಿದ ಕಡಲೆಕಾಳು ಹಂಚುತ್ತಿದ್ದಳು. ಬೆಳಗಿನ ಓಟ ಮುಗಿಸಿ ಬಂದ ಹುಡುಗಿಯರು ಹಾಸ್ಟೆಲಿನ ಹಿಂಬಾಗಿಲ ಮೆಟ್ಟಿಲ ಮೇಲೆ ಕುಳಿತು ಬೂಟಿನ ಲೇಸು ಸಡಿಲಿಸುತ್ತ, ಯಾರ ಕಾಲುಚೀಲ ಹೆಚ್ಚು ನಾರುತ್ತದೆಂದು ಜಗಳವಾಡುತ್ತಿದ್ದರು. ಅಡುಗೆಮನೆಯ ಕಿಟಕಿಯಲ್ಲಿಟ್ಟಿದ್ದ ಫೋನು ಹೊಡೆದುಕೊಂಡಿತು. ಶಿವಮೊಗ್ಗದ ಆಸ್ಪತ್ರೆಯಿಂದ ಶಾಂಭವಿಯ ತಮ್ಮ ವಿಜಯಕುಮಾರ್. "ಅತ್ತೆ, ಅಕ್ಕ ಹೋಗ್ಬಿಟ್ಲು" ಎಂದ. ಆಮೇಲೂ ಏನೋ ಹೇಳಿದ, ಪ್ಲೇಟ್‌ಲೆಟ್ ಎಂಬ ಮಾತು ನಡುನಡುವೆ ಬಂತು. ಡೆಂಗಿ ಜ್ವರವೆಂದು ಸೇರಿಸಿದ್ದರು. ಸುಧಾರಿಸುತ್ತಿದ್ದಾಳೆ ಎಂದು ಹಿಂದಿನ ಸಂಜೆಯವರೆಗೂ ಹೇಳುತ್ತಿದ್ದರು. ಕಾಶಮ್ಮ ಫೋನನ್ನು ಇದ್ದಲ್ಲೇ ಇಟ್ಟು, ಪಾತ್ರೆ ಎತ್ತಿಕೊಂಡು, ಉಳಿದವರಿಗೂ ಕಡಲೆ ಹಂಚಿದಳು. ಓಡಿ ಬಂದ ಮಕ್ಕಳು, ಈಗಲೇ ಹೇಳಿದರೆ ಇವತ್ತು ಇನ್ನೇನೂ ತಿನ್ನುವುದಿಲ್ಲ ಎಂದು ಅವಳ ತಲೆ ತಾನಾಗಿ ಯೋಚಿಸಿತ್ತು. ಅಂಥ ಹೊತ್ತಿನಲ್ಲಿ ಅಷ್ಟು ಸಲೀಸಾಗಿ ಯೋಚಿಸಲು ಬಂತಲ್ಲ ಎಂದು ಆಮೇಲೆ ತನ್ನ ಮೇಲೇ ಅಸಹ್ಯವಾಯಿತು. ಸಂಧ್ಯಾ ಇನ್ನೊಂದು ಹಿಡಿ ಕೇಳಿದಳು. ಕೊಟ್ಟಳು. ಎಲ್ಲರೂ ತಿಂದು ಮುಗಿಸುವ ಹೊತ್ತಿಗೆ ಹೇಳಿದಳು. ಯಾರೂ ಕೂಗಲಿಲ್ಲ. ಎಲ್ಲರಿಗಿಂತ ಚಿಕ್ಕವಳಾದ ರಕ್ಷಾಳ ಬಾಯಲ್ಲಿ ಇನ್ನೂ ಕಾಳಿತ್ತು. ನುಂಗುವುದೋ ಉಗುಳುವುದೋ ತಿಳಿಯದೆ ಅವಳು ಕೆನ್ನೆ ಉಬ್ಬಿಸಿಕೊಂಡು ಕಾಶಮ್ಮನನ್ನೇ ನೋಡುತ್ತಿದ್ದಳು. "ತಿನ್ನಿಸಿಬಿಟ್ಟು ಹೇಳಿದ್ರಲ್ಲ ಅಜ್ಜಿ" ಎಂದಳು ಸಂಧ್ಯಾ, ಬಯ್ಯುವ ದನಿಯಲ್ಲಲ್ಲ, ಏನೋ ಒಂದು ಹೊಸದನ್ನು ತಿಳಿದುಕೊಂಡವಳ ಹಾಗೆ.

ದೇಹವನ್ನು ಭದ್ರಾವತಿಗೇ, ನ್ಯೂ ಟೌನಿನ ಈ ಹಾಸ್ಟೆಲಿಗೇ ತಂದರು. ಶಾಂಭವಿಗೆ ಬೇರೆ ಮನೆಯೆಂಬುದು ಇರಲಿಲ್ಲ. ಕಾರ್ಖಾನೆಯ ಕಾಲದ ಎರಡು ಹಳೆಯ ಕ್ವಾರ್ಟರ್ಸುಗಳ ನಡುವಣ ಗೋಡೆ ಒಡೆಸಿ ಮಾಡಿದ ಜಾಗ. ಅದರಲ್ಲಿ ಹುಡುಗಿಯರ ಕೋಣೆಗೆ ತಾಗಿದ ಚಿಕ್ಕ ಕೋಣೆ ಅವಳದು. ಎಂಟುನೂರು ಮೀಟರು ಓಟದಲ್ಲಿ ದೇಶದ ಬಣ್ಣ ತೊಟ್ಟು ಓಡಿದವಳು, ಮೊಣಕಾಲು ಕೈಕೊಟ್ಟ ಮೇಲೆ ಊರಿಗೆ ಬಂದು ಒಂದು ಟ್ರಸ್ಟ್ ಮಾಡಿದಳು. ಶಾಲೆ ಬಿಡಿಸಿ ಮನೆಗೆಲಸಕ್ಕೆ ಹಾಕಿದ್ದ ಹುಡುಗಿ, ಕುಡಿದು ಬರುವ ಅಪ್ಪನಿಗೆ ಹೆದರಿ ನೆರೆಮನೆಯಲ್ಲಿ ಮಲಗುತ್ತಿದ್ದ ಹುಡುಗಿ, ಮದುವೆಗೆ ಗೊತ್ತು ಮಾಡಿದ್ದ ಹುಡುಗಿ, ಹೀಗೆ ಒಬ್ಬೊಬ್ಬಳನ್ನಾಗಿ ಕರೆದು ತಂದು ಇಟ್ಟುಕೊಂಡಳು. ಬೆಳಗ್ಗೆ ಮೈದಾನ, ಹಗಲು ಶಾಲೆ, ಸಂಜೆ ಮತ್ತೆ ಮೈದಾನ. ಗಂಡನಿಲ್ಲದ ಸೋದರತ್ತೆಯನ್ನು ಅಡುಗೆಗೆಂದು ಕರೆದಾಗ ಕಾಶಮ್ಮ, ಚಡ್ಡಿ ಹಾಕಿಕೊಂಡು ಓಡುವ ಮಕ್ಕಳನ್ನು ಕಾಯುವುದು ತನ್ನಿಂದಾಗದು ಎಂದಿದ್ದಳು. "ಕಾಯೋದು ಬೇಡ ಅತ್ತೆ, ಅನ್ನ ಹಾಕಿ ಸಾಕು. ಆಮೇಲೆ ಅವರೇ ನಿಮ್ಮನ್ನ ಕಾಯ್ತಾರೆ" ಎಂದು ಶಾಂಭವಿ ನಕ್ಕಿದ್ದಳು. ಆ ನಗುವಿನ ಮುಖವನ್ನು ಈಗ ತೊಳೆದು, ಹಣೆಗೆ ವಿಭೂತಿ ಧರಿಸಿ, ಗೋಡೆಗೆ ಒರಗಿಸಿದ್ದರು. ತಮ್ಮವರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಪೂಜೆಗೆ ಕೂತವರ ಹಾಗೆ ಕಾಲು ಮಡಚಿಸಿ ಕೂರಿಸುತ್ತಾರೆ, ಕೂರಿಸಿದಂತೆಯೇ ಮಣ್ಣಿಗಿಳಿಸುತ್ತಾರೆ. ಶಾಂಭವಿಯ ಎಡ ಮೊಣಕಾಲು ಆಪರೇಷನ್ ಆದ ಮೇಲೆ ಪೂರ್ತಿ ಮಡಚುತ್ತಿರಲಿಲ್ಲ. ಮದುವೆ ಮನೆಯ ಪಂಕ್ತಿಯಲ್ಲಿ ಅವಳೊಬ್ಬಳಿಗೆ ಕುರ್ಚಿ ಹಾಕಬೇಕಾಗಿತ್ತು. ಈಗ ಇಬ್ಬರು ಗಂಡಸರು ಆ ಕಾಲನ್ನು ಹಿಡಿದು ಒತ್ತುತ್ತಿದ್ದರು. "ನಿಧಾನ, ಆ ಕಾಲು ನೋಯುತ್ತೆ ಅವಳಿಗೆ" ಎಂದುಬಿಟ್ಟಳು ಕಾಶಮ್ಮ. ಒತ್ತುತ್ತಿದ್ದವರಲ್ಲಿ ಒಬ್ಬ ತಲೆಯೆತ್ತಿ ಅವಳನ್ನು ನೋಡಿ, ಮತ್ತೊಬ್ಬನನ್ನು ನೋಡಿದ. ಅವನ ತುಟಿಯ ಕೊನೆ ಸಣ್ಣಗೆ ಅಲುಗಿತು. ಅವನು ಯಾರೆಂದು ಅವಳಿಗೆ ಗೊತ್ತಿರಲಿಲ್ಲ. ಆದರೆ ಆ ತುಟಿಯನ್ನು ಸಾಯುವವರೆಗೆ ಮರೆಯುವುದಿಲ್ಲವೆಂದು ಅಲ್ಲೇ ಗೊತ್ತಾಯಿತು.

ಆ ಗದ್ದಲದಲ್ಲೇ ಚೌಡಪ್ಪ ಬಂದದ್ದು. ರಕ್ಷಾಳ ದೊಡ್ಡಪ್ಪ, ಆಯನೂರಿನವನು. ತಂದೆ ಸತ್ತು ತಾಯಿ ಬೇರೆ ಮದುವೆಯಾಗಿ ಹೋದ ಮೇಲೆ ಹುಡುಗಿ ಅಜ್ಜಿ ತುಂಗಮ್ಮನ ಹತ್ತಿರ ಇದ್ದಳು. ಅಲ್ಲಿಂದ ಶಾಂಭವಿ ಕರೆದು ತಂದಿದ್ದಳು. ಈಗ ಚೌಡಪ್ಪ ಹೆಗಲ ಮೇಲಿನ ಟವೆಲನ್ನು ಕಂಕುಳಿಗಿಟ್ಟು, ಶಾಂಭವಿಗೆ ಕೈಮುಗಿದು, ಹಾರ ಹಾಕಿ, ಗೋಡೆಯ ಪಕ್ಕ ನಿಂತಿದ್ದ ರಕ್ಷಾಳ ಕೈ ಹಿಡಿದುಕೊಂಡ. ಅವಳ ಬಟ್ಟೆಯ ಚೀಲ ಅವನ ಇನ್ನೊಂದು ಕೈಯಲ್ಲಿ ಆಗಲೇ ಇತ್ತು. ಇಬ್ಬರೂ ಗೇಟಿನ ಕಡೆ ಹೊರಟರು. ಸಾವಿನ ಮನೆಯಿಂದ ಹೊರಡುವವರು ಹೋಗಿಬರುತ್ತೇವೆ ಎನ್ನುವುದಿಲ್ಲ. ಮನೆಯವರೂ ಬನ್ನಿ ಎನ್ನುವುದಿಲ್ಲ. ಹಾಗೆಂದರೆ ಇನ್ನೊಂದು ಸಾವಿಗೆ ಕರೆದಂತೆ. ಹೊರಟವರನ್ನು ಹೆಸರು ಹಿಡಿದು ಹಿಂದಿನಿಂದ ಕೂಗಬಾರದು. ಎಲ್ಲಿಗೆ, ಯಾವಾಗ ಬರುತ್ತೀರಿ ಎಂದು ಕೇಳಬಾರದು. ಇದನ್ನೆಲ್ಲ ಕಾಶಮ್ಮನಿಗೆ ಯಾರೂ ಕೂರಿಸಿಕೊಂಡು ಹೇಳಿಕೊಟ್ಟಿರಲಿಲ್ಲ, ಉಸಿರಾಡುವುದನ್ನು ಹೇಳಿಕೊಡುವುದಿಲ್ಲವಲ್ಲ ಹಾಗೆ. ಗೇಟಿನ ಹತ್ತಿರ ರಕ್ಷಾ ತಿರುಗಿ ನೋಡಿದಳು. ಅವಳ ಬಾಯಿ ತುಸು ತೆರೆದಿತ್ತು. ಕೂಗಿ, ಒಂದು ಸಲ ಕೂಗಿ ಎಂದು ಆ ಮುಖ ಕೇಳುತ್ತಿತ್ತು. ಕಾಶಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಳು. ಆಮೇಲೆ ಗೇಟಿನಲ್ಲಿ ಬೇರೆ ಯಾರೋ ಹಾರ ಹಿಡಿದು ಒಳಗೆ ಬರುತ್ತಿದ್ದರು.

ಅಂದಿನಿಂದ ಇಂದಿನವರೆಗೆ, ಈ ನಾಲ್ಕೈದು ದಿನವೂ, ಅವಳು ಮನಸ್ಸಿನಲ್ಲಿ ಆ ಗೇಟಿನ ಹತ್ತಿರ ನಿಂತೇ ಇದ್ದಾಳೆ. ಈಗ ಬಸ್ಸು ಭದ್ರಾವತಿ ದಾಟಿ ಶಿವಮೊಗ್ಗದ ಕಡೆ ಹೋಗುತ್ತಿದೆ, ಹುಡುಗಿಯರು ಹಿಂದಿನ ಸೀಟುಗಳಲ್ಲಿ ತಲೆ ತಗ್ಗಿಸಿ ಕೂತಿದ್ದಾರೆ, ಮಧ್ಯಾಹ್ನ ಶಾಂಭವಿಗೆ ನುಡಿನಮನವೆಂದು ವಿಜಯಕುಮಾರ್ ದೊಡ್ಡ ಸಭಾಭವನ ಹಿಡಿದಿದ್ದಾನೆ. ರಕ್ಷಾ ಹೋದ ಸಂಜೆಯೇ ಅವನಿಗೆ ಹೇಳಿದ್ದಳು. "ಮನೆಗೆ ತಾನೇ ಹೋಗಿರೋದು ಅತ್ತೆ, ಬರ್ತಾಳೆ ಬಿಡಿ, ಮೊದಲು ಇದೊಂದು ಮುಗೀಲಿ" ಎಂದಿದ್ದ. ಮಾರನೆಯ ದಿನವೂ ಹೇಳಿದಳು, ಹಾಲು ತುಪ್ಪದ ದಿನವೂ ಹೇಳಿದಳು. ಶಾಂಭವಿ ಇದ್ದಾಗ ಒಂದು ಕಟ್ಟು ಇತ್ತು. ಹಬ್ಬವಿರಲಿ, ಕಾಯಿಲೆಯಿರಲಿ, ಮನೆಗೆ ಹೋಗುವ ಹುಡುಗಿ ಶಾಂಭವಿಯ ಜೊತೆ ಹೋಗಿ ಅವಳ ಜೊತೆಯೇ ವಾಪಸು ಬರಬೇಕು. ಅವರ ಮನೆಯ ಜಗಲಿಯ ಮೇಲೋ ಎದುರಿನ ಅಂಗಡಿಯ ಬೆಂಚಿನ ಮೇಲೋ ಕಾಲು ಚಾಚಿಕೊಂಡು ಸಂಜೆಯವರೆಗೆ ಕೂತಿರುತ್ತಿದ್ದಳು. ದೇಶಕ್ಕೆ ಓಡಿದವಳು ಹೀಗೆ ಕಂಡವರ ಬಾಗಿಲಲ್ಲಿ ಕಾಯುವುದೇ, ಮರ್ಯಾದೆ ಬೇಡವೇ ಎಂದು ಕಾಶಮ್ಮ ಗೊಣಗುತ್ತಿದ್ದಳು. "ಮರ್ಯಾದೆ ನೋಡ್ಕೊಂಡು ನಾನು ಒಂದು ಸಲ ಬೇಗ ಬಂದೆ ಅನ್ನಿ ಅತ್ತೆ, ಹುಡುಗಿ ಬರಲ್ಲ" ಎನ್ನುತ್ತಿದ್ದಳು. ಅದು ಗೊತ್ತಿತ್ತು. ಗೊತ್ತಿದ್ದೂ ಸೆರಗು ಬಾಯಿಗೆ ಹೋಗಿತ್ತು.

ಹಿಂದಿನ ಸೀಟಿನಿಂದ ಎದ್ದು ಬಂದು ಸಂಧ್ಯಾ ಪಕ್ಕದಲ್ಲಿ ಕೂತಳು. ಹಾಸ್ಟೆಲಿನಲ್ಲಿ ದೊಡ್ಡವಳು ಅವಳೇ, ಈ ವರ್ಷ ಪಿಯುಸಿ. "ಅಜ್ಜಿ, ರಕ್ಷಾ ಫೋನ್ ಮಾಡಿದ್ಲು."

"ಯಾವಾಗ?"

"ಈಗ, ಬಸ್ ಹತ್ತೋ ಮುಂಚೆ. ಪಕ್ಕದ ಮನೆಯೋರ ಫೋನಿಂದ. ಇವತ್ತು ಸಂಜೆ ಹೊಳೆಹೊನ್ನೂರಿಂದ ಗಂಡಿನ ಕಡೆಯೋರು ಬರ್ತಾರಂತೆ. ವೀಳ್ಯ ಬದಲಾಯಿಸ್ತಾರಂತೆ. ಬೆಳಿಗ್ಗೆನೇ ಸೀರೆ ಉಡಿಸಿ ನೋಡಿದಾರೆ."

ಹದಿನಾರು ತುಂಬಿಲ್ಲ ಅವಳಿಗೆ ಎಂದು ಕಾಶಮ್ಮ ಯಾರಿಗೋ ಹೇಳುವಂತೆ ಕಿಟಕಿಯ ಕಡೆ ಹೇಳಿದಳು. ಹೊರಗೆ ಮಾಚೇನಹಳ್ಳಿಯ ಫ್ಯಾಕ್ಟರಿಗಳ ಗೋಡೆಗಳು ಓಡುತ್ತಿದ್ದವು. "ಅತ್ತಳಾ?"

"ಇಲ್ಲ. ಒಂದೇ ಕೇಳಿದ್ಲು. ಅಜ್ಜಿಗೆ ಗೊತ್ತಿದ್ದೇ ನನ್ನನ್ನ ಕಳಿಸಿದ್ರಾ ಅಂತ."

ಕಾಶಮ್ಮ ಎದೆಯ ಮೇಲೆ ಸೆರಗಿನೊಳಗಿನ ಕರಡಿಗೆಯನ್ನು ಮುಟ್ಟಿ ನೋಡಿಕೊಂಡಳು; ಬೆಳ್ಳಿಯ ಆ ಚಿಕ್ಕ ಗೂಡಿನೊಳಗೆ ಲಿಂಗ ಬೆಚ್ಚಗಿತ್ತು. ಬೆಳಗ್ಗೆ ಪೂಜೆಗೆ ಕೂತಾಗಲೂ ಅದನ್ನು ಅಂಗೈಯಲ್ಲಿಟ್ಟುಕೊಂಡು ಸುಮ್ಮನೆ ಇದ್ದಳು, ಬೇಡಲು ಬಾಯಿ ಬರಲಿಲ್ಲ. ಸಂಧ್ಯಾ ಅಷ್ಟು ಹೊತ್ತಿಗೆ ಮಕ್ಕಳ ಸಹಾಯವಾಣಿಗೆ ಫೋನು ಹಚ್ಚಿದ್ದಳು. ಶಾಂಭವಿ ಎಲ್ಲ ಹುಡುಗಿಯರಿಗೂ ಆ ನಂಬರನ್ನು ಬಾಯಿಪಾಠ ಮಾಡಿಸಿದ್ದಳು. ಆ ಕಡೆಯ ಹೆಂಗಸು ಚೆನ್ನಾಗಿಯೇ ಮಾತಾಡಿ, ಊರು, ಹೆಸರು, ವಯಸ್ಸು ಕೇಳಿಕೊಂಡು, ಅಲ್ಲಿಯವರಿಗೆ ತಿಳಿಸಿ ಕಳಿಸುತ್ತೇವೆ ಎಂದಳು. ಆದರೆ ಅವರು ಬರುವ ಹೊತ್ತಿಗೆ ವೀಳ್ಯ ಮುಗಿದಿದ್ದರೆ? ನೆಂಟರು ಕಾಫಿಗೆ ಬಂದಿದ್ದರು ಎನ್ನುತ್ತಾನೆ ಚೌಡಪ್ಪ. ಮಾತು ಕೊಟ್ಟಾದ ಮೇಲೆ ಯಾವ ಬೆಟ್ಟದ ಗುಡಿಯಲ್ಲಿ ಯಾವ ಬೆಳಗಿನ ಜಾವ ತಾಳಿ ಕಟ್ಟಿಸುತ್ತಾರೋ ಯಾರು ಕಂಡರು. ಇವತ್ತು ಸಂಜೆಯೊಳಗೆ ಹುಡುಗಿ ಆ ಮನೆಯಿಂದ ಹೊರಬರಬೇಕು.

ಸಭಾಭವನದ ಬಾಗಿಲಲ್ಲಿ ಶಾಂಭವಿಯ ಆಳೆತ್ತರದ ಫ್ಲೆಕ್ಸ್. ಯಾವುದೋ ಹಳೆಯ ಪಂದ್ಯದಲ್ಲಿ ಗೆರೆ ಮುಟ್ಟುವ ಚಿತ್ರ. ಹಲ್ಲು ಕಚ್ಚಿದ, ಬೆವರಿದ ಆ ಮುಖವನ್ನು ಕಂಪ್ಯೂಟರಿನಲ್ಲಿ ತಿದ್ದಿ ಬೆಳ್ಳಗೆ, ಮೆತ್ತಗೆ, ಯಾರನ್ನೂ ಏನೂ ಕೇಳದವಳ ಮುಖದಂತೆ ಮಾಡಿದ್ದರು. ಕೆಳಗೆ ಗಣ್ಯರ ಸಣ್ಣ ಫೋಟೋಗಳು. ವಿಜಯಕುಮಾರ್ ಬಿಳಿ ಜುಬ್ಬದಲ್ಲಿ ಎರಡು ಫೋನು ಹಿಡಿದುಕೊಂಡು ಓಡಾಡುತ್ತಿದ್ದ. ಕಣ್ಣು ಊದಿಕೊಂಡಿತ್ತು; ಅಕ್ಕನಿಗಾಗಿ ಅತ್ತಿದ್ದಾನೆ, ಅದು ಸುಳ್ಳಲ್ಲ. ಹಾಗಿದ್ದೂ ಅವನ ಕೈ ಹಿಡಿದು ಮೂಲೆಗೆ ಎಳೆದಾಗ ಅವನು ಮೊದಲು ನೋಡಿದ್ದು ಗಡಿಯಾರವನ್ನು.

"ಅತ್ತೆ, ಇವತ್ತೊಂದಿನ ಬೇಡ. ಮುಖ್ಯ ಅತಿಥಿಗಳು ದಾರೀಲಿದಾರೆ."

"ಅವರು ಬರೋದು ಸಂಜೆಗೆ ಕಣೋ, ಹೊಳೆಹೊನ್ನೂರಿನೋರು. ನಿನ್ನ ಕಾರು ಕೊಡು, ನಾನು ಸಂಧ್ಯಾ ಹೋಗಿ ಕರ್ಕೊಂಡು ಬರ್ತೀವಿ."

"ನೀವು ಸ್ಟೇಜ್ ಮೇಲೆ ಕೂರಬೇಕು. ಸೋದರತ್ತೆ, ಹಾಸ್ಟೆಲಿನ ಅನ್ನಪೂರ್ಣೆ ಅಂತ ಹಾಕ್ಸಿದೀನಿ. ಆಮೇಲೆ ಅಲ್ಲಿ ಗಲಾಟೆ ಆಗಿ ಪೊಲೀಸು ಗಿಲೀಸು ಅಂತಾದ್ರೆ ನಾಳೆ ಪೇಪರಲ್ಲಿ ಅಕ್ಕನ ಫೋಟೋ ಪಕ್ಕ ಅದೇ ಬರುತ್ತೆ. ಟ್ರಸ್ಟಿನ ಹುಡುಗೀನೇ ಓಡಿಸ್ಕೊಂಡು ಹೋದ್ರು ಅಂತ. ಮುಂದೆ ಯಾರು ಸಹಾಯ ಮಾಡ್ತಾರೆ ಹೇಳಿ?"

"ಬರಲಿ. ನಿಜ ತಾನೇ."

"ಕಾರ್ಯಕ್ರಮ ಮುಗೀಲಿ ಅತ್ತೆ. ನಿಮ್ಮ ಕಾಲಿಗೆ ಬೀಳ್ತೀನಿ" ಎಂದು ಅವನು ನಿಜಕ್ಕೂ ಬಗ್ಗಿದ. ಬಗ್ಗಿದವನ ಕೈಯಲ್ಲಿ ಫೋನು ಹೊಡೆದುಕೊಂಡಿತು, ಅರ್ಧಕ್ಕೇ ಎದ್ದು "ಹಲೋ ಸರ್, ಬನ್ನಿ ಸರ್" ಎನ್ನುತ್ತ ಬಾಗಿಲ ಕಡೆ ಹೋದ. ಕಾಲಿಗೆ ಬೀಳುವುದನ್ನೂ ಪೂರ್ತಿ ಮಾಡಲಿಲ್ಲವಲ್ಲ ಎಂದು ಕಾಶಮ್ಮನಿಗೆ ನಗುವಿನಂಥ ಒಂದು ಸಿಟ್ಟು ಬಂತು.

ವೇದಿಕೆಯ ಮೇಲಿನ ಕುರ್ಚಿ ಮೆತ್ತಗಿತ್ತು, ಕೂತರೆ ಕಾಲು ನೆಲ ಮುಟ್ಟುತ್ತಿರಲಿಲ್ಲ. ಒಬ್ಬೊಬ್ಬರಾಗಿ ಎದ್ದು ಮಾತಾಡಿದರು. ಒಬ್ಬರು ಶಾಂಭವಿಯನ್ನು ಗಂಗೆ ಎಂದರು, ಇನ್ನೊಬ್ಬರು ದೀಪ ಎಂದರು. ಮುಖ್ಯ ಅತಿಥಿಗಳು, ಪ್ರತಿ ತಾಲ್ಲೂಕಿನಲ್ಲಿಯೂ ಒಬ್ಬ ಶಾಂಭವಿ ಹುಟ್ಟಬೇಕು, ನಮ್ಮ ಹೆಣ್ಣುಮಕ್ಕಳನ್ನು ಓಡಲು ಬಿಡಬೇಕು ಎಂದಾಗ ಚಪ್ಪಾಳೆ ಬಿತ್ತು. ಶೋಕಸಭೆಯೆಂದು ನೆನಪಾಗಿ ಅದು ನಡುವೆಯೇ ನಿಂತಿತು. ಓಡಲು ಬಿಡಬೇಕಂತೆ. ಯಾರು ಬಿಡಬೇಕು, ಯಾರು ಹಿಡಿದುಕೊಂಡಿದ್ದಾರೆ, ಈ ಹೊತ್ತು ಆಯನೂರಿನಲ್ಲಿ ಯಾರ ಸೊಂಟಕ್ಕೆ ಸೀರೆ ಸುತ್ತುತ್ತಿದ್ದಾರೆ? ಸಾಯುವುದಕ್ಕೆ ಮೊದಲು ಇದೇ ಶಾಂಭವಿ ಹುಡುಗಿಯರ ಬೂಟಿಗಾಗಿ ಇವರಲ್ಲಿ ಎಷ್ಟು ಜನರ ವರಾಂಡದಲ್ಲಿ ನಿಂತಿರಲಿಲ್ಲ. ಆಗ ಗಂಗೆಯಾಗಿರಲಿಲ್ಲ ಅವಳು, ಪದೇ ಪದೇ ಬರುವ ಹೆಂಗಸಾಗಿದ್ದಳು. ಎದುರಿಗೆ ವೇದಿಕೆಯ ಕೆಳಗೆ ಹುಡುಗಿಯರನ್ನು ಸಾಲಾಗಿ ನಿಲ್ಲಿಸಿ ಕೈಗೆ ಮೊಂಬತ್ತಿ ಕೊಡುತ್ತಿದ್ದರು. ಎಲ್ಲರಿಗೂ ಹೊಸ ಬಿಳಿ ಟೀ ಶರ್ಟು. ಎದೆಯ ಮೇಲೆ ಶಾಂಭವಿಯ ಮುಖ, ಬೆನ್ನ ಮೇಲೆ ಅವರವರ ಹೆಸರು. ಫೋಟೋ ತೆಗೆಯುವವನು, ಸಭೆಗೆ ಬೆನ್ನು ಮಾಡಿ ಶಾಂಭವಿಯ ಚಿತ್ರದ ಕಡೆ ತಿರುಗಿ ನಿಲ್ಲಿ ಎಂದ. ಹುಡುಗಿಯರು ತಿರುಗಿದರು. ಸಂಧ್ಯಾ, ವಾಣಿ, ಚೈತನ್ಯಾ ಎಂದು ಹೆಸರುಗಳು ಒಂದರ ಪಕ್ಕ ಒಂದು ನಿಂತವು. ವೇದಿಕೆಯಿಂದ ಕಾಶಮ್ಮನಿಗೆ ಮುಖಗಳು ಮಾತ್ರ ಕಾಣುತ್ತಿದ್ದವು. ಸಾಲಿನ ಕೊನೆಯಲ್ಲಿ ಒಂದು ಪರಿಚಯವಿಲ್ಲದ ಮುಖ. ಉದ್ದ ಜಡೆ, ಕಿವಿಯಲ್ಲಿ ದೊಡ್ಡ ಲೋಲಾಕು. ಯಾರೋ ಇವಳು ಎಂದುಕೊಳ್ಳುತ್ತಿರುವಾಗ ಆ ಹುಡುಗಿ ಕೆಳಗೆ ಬಿದ್ದ ಮೊಂಬತ್ತಿಯನ್ನು ಎತ್ತಿಕೊಳ್ಳಲು ಪಕ್ಕಕ್ಕೆ ತಿರುಗಿ ಬಗ್ಗಿದಳು. ಅವಳ ಬೆನ್ನ ಮೇಲೆ ರಕ್ಷಾ ಎಂದಿತ್ತು.

ಕಾಶಮ್ಮ ಎದ್ದಳು. ಮೈಕಿನ ಮುಂದೆ ಇದ್ದವರು ಅವಳು ಏನೋ ಮಾತಾಡಲು ಬಂದಳೆಂದು ಪಕ್ಕಕ್ಕೆ ಸರಿದರು. ಅವಳು ಮೈಕನ್ನು ದಾಟಿ ಮೆಟ್ಟಿಲಿಳಿದು ಆ ಹುಡುಗಿಯ ಹತ್ತಿರ ಹೋದಳು. "ನಿನ್ನ ಹೆಸರೇನಮ್ಮ?"

"ಶ್ರಾವ್ಯಾ" ಎಂದಿತು ಮಗು ಹೆದರಿ. "ಸ್ಟೇಜ್ ಡೆಕೊರೇಷನ್ ಮಾಮನ ಜೊತೆ ಬಂದೆ. ಲೈನಲ್ಲಿ ಒಬ್ರು ಕಡಿಮೆ ಇದಾರೆ, ನಿಂತ್ಕೋ ಅಂದ್ರು."

ವಿಜಯಕುಮಾರ್ ಓಡಿ ಬಂದು ಕಿವಿಯಲ್ಲಿ, "ಅತ್ತೆ, ಒಂದು ಜಾಗ ಖಾಲಿ ಇದ್ರೆ ಫೋಟೋದಲ್ಲಿ ಚೆನ್ನಾಗಿರಲ್ಲ ಅಂತ. ಅಷ್ಟೇ. ಶರ್ಟು ಹೇಗಿದ್ರೂ ಹೊಲಿಸಿ ಆಗಿತ್ತು" ಎಂದ. ಅವನ ಮುಖದಲ್ಲಿ ತಪ್ಪು ಮಾಡಿದವನ ಕಳೆ ಇರಲಿಲ್ಲ. ಶರ್ಟು ವ್ಯರ್ಥವಾಗಬಾರದಲ್ಲ ಎಂಬ ವಿನಯವಿತ್ತು. ಕಾಶಮ್ಮ ಅವನನ್ನು ಬಯ್ಯಲು ಮಾತು ಹುಡುಕಿದಳು. ಎಪ್ಪತ್ತು ದಾಟಿದ ವಯಸ್ಸಿನಲ್ಲಿ ಕೂಡಿಟ್ಟ ಮಾತೆಲ್ಲ ಅಡುಗೆಯ ಮಾತು, ದೇವರ ಮಾತು. ಇದಕ್ಕೆ ಬೇಕಾದ ಒಂದೂ ಅದರಲ್ಲಿ ಇರಲಿಲ್ಲ. "ಜಾಗ ಖಾಲಿ ಇದೆ ಕಣೋ" ಎಂದಳು. "ಖಾಲಿ ಇರೋದನ್ನ ಖಾಲಿ ಅಂತ ತೋರಿಸೋಕೂ ನಿಂಗೆ ಧೈರ್ಯ ಇಲ್ಲ." ಹಾಗೆಂದು ಸಭೆಯ ನಡುವಿನ ದಾರಿಯಲ್ಲಿ ನಡೆದಳು. ಹಿಂದೆ ಚಪ್ಪಲಿಯ ಸದ್ದು. ಸಂಧ್ಯಾ ಮೊಂಬತ್ತಿಯನ್ನು ವಾಣಿಯ ಕೈಗೆ ಕೊಟ್ಟು ಬರುತ್ತಿದ್ದಳು.

ಸಾಗರದ ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿತು. ಸಿಟ್ಟು ಇಷ್ಟು ಹೊತ್ತು ಕಾಲಿಗೆ ಬಲ ಕೊಟ್ಟಿತ್ತು, ಕೂತ ಮೇಲೆ ಯೋಚನೆ ಸುರುವಾಯಿತು. ಹೋಗಿ ಏನು ಮಾಡುವುದು? ಕಾನೂನು ಗೊತ್ತಿಲ್ಲ, ಜಗಳ ಗೊತ್ತಿಲ್ಲ. ಶುಭಕಾರ್ಯದ ಮನೆಗೆ ತಾನು ಹೋದದ್ದಾದರೂ ಯಾವಾಗ. ಗಂಡ ಸತ್ತ ಮೇಲೆ ಅವಳೇ ಹಿಂದೆ ಉಳಿಯುವುದನ್ನು ಕಲಿತಳು. ಆರತಿಯ ಹೊತ್ತಿಗೆ ಅಡುಗೆಮನೆಯಲ್ಲಿ ಏನಾದರೂ ಕೆಲಸ ಹುಡುಕಿಕೊಳ್ಳುವುದು, ದಿಬ್ಬಣ ಹೊರಡುವಾಗ ಬಾಗಿಲ ನೇರಕ್ಕೆ ನಿಲ್ಲದಿರುವುದು. ಲಿಂಗ ಕಟ್ಟಿದ ಮೈಗೆ ಸೂತಕವಿಲ್ಲ, ಮೈಲಿಗೆಯಿಲ್ಲ ಎಂದು ಅಪ್ಪ ಎಳೆಯ ವಯಸ್ಸಿನಲ್ಲೇ ಹೇಳಿದ್ದ. ನಂಬಿದ್ದಳು, ಈಗಲೂ ನಂಬುತ್ತಾಳೆ. ನಂಬಿಕೊಂಡೇ ಅಡುಗೆಮನೆಯಲ್ಲಿ ಅಡಗಿದ್ದಳು. ನಂಬಿಕೊಂಡೇ ಹೊರಟ ಹುಡುಗಿಯನ್ನು ಕೂಗದೆ ಉಳಿದಳು. ಸುಳ್ಳೆಂದು ತಿಳಿದಿದ್ದ ಒಂದು ಮಾತಿಗೆ ಇಷ್ಟು ವರ್ಷ ಇಷ್ಟು ನಿಷ್ಠೆಯಿಂದ ನಡೆದುಕೊಂಡದ್ದು ಯಾರಿಗಾಗಿ? ಕಂಡಕ್ಟರ್ ಬಂದು ಎಲ್ಲಿಗಜ್ಜಿ ಎಂದಾಗ ಅವಳಿಗೆ ಊರಿನ ಹೆಸರು ಮರೆತಿತ್ತು. ಸಂಧ್ಯಾ ಹೇಳಿದಳು.

ಆಯನೂರಿನ ಮುಖ್ಯರಸ್ತೆಯಿಂದ ಒಳಗೆ ಹೋದರೆ ಚೌಡಪ್ಪನ ಮನೆ. ಅಂಗಳಕ್ಕೆ ಸಾರಿಸಿ ರಂಗೋಲಿ ಹಾಕಿತ್ತು, ಬಾಡಿಗೆಗೆ ತಂದ ಕೆಂಪು ಪ್ಲಾಸ್ಟಿಕ್ ಕುರ್ಚಿಗಳು ಒಂದರ ಮೇಲೊಂದು ಇದ್ದವು. ಒಳಗಿನಿಂದ ಒಗ್ಗರಣೆಯ ವಾಸನೆ ಬರುತ್ತಿತ್ತು. ಬಾಗಿಲಿಗೆ ಬಂದ ರಕ್ಷಾಳ ಅಜ್ಜಿ ತುಂಗಮ್ಮ ಕಾಶಮ್ಮನನ್ನು ನೋಡಿ ಹೊಸಿಲ ಮೇಲೇ ನಿಂತಳು. ಇಬ್ಬರದೂ ಒಂದೇ ವಯಸ್ಸು.

"ಅಯ್ಯೋ ಮಾರಾಯ್ತಿ, ಅಲ್ಲೇ ನಿಲ್ಲಿ. ಮಣ್ಣು ಮಾಡಿ ಇನ್ನೂ ಕೈ ಒಣಗಿಲ್ಲ, ಒಳ್ಳೆ ಕಾರ್ಯದ ಮನೆಗೆ ಹಿಂಗೆ ಬರ್ತಾರಾ? ನಿಮಗೆ ತಿಳೀದಾ?"

ಹಳೆಯ ಅಭ್ಯಾಸದಿಂದ ಕಾಶಮ್ಮನ ಕಾಲು ತಾನಾಗಿ ಒಂದು ಹೆಜ್ಜೆ ಹಿಂದಕ್ಕೆ ಹೋಯಿತು. ಆಗ ತುಂಗಮ್ಮನ ಹಿಂದೆ, ನಡುಮನೆಯ ಅರೆಗತ್ತಲಲ್ಲಿ, ಹಸಿರು ಸೀರೆಯ ಒಂದು ಆಕಾರ ಕಾಣಿಸಿತು. ಸೆರಗು ನಿಲ್ಲದೆ ಭುಜದಿಂದ ಜಾರುತ್ತಿತ್ತು. ಅದನ್ನು ಮತ್ತೆ ಮತ್ತೆ ಮೇಲೆ ಎಳೆದುಕೊಳ್ಳುತ್ತಿದ್ದ ಕೈ, ರಿಲೇ ಓಟದ ಬ್ಯಾಟನ್ ಹಿಡಿದು ಹಿಡಿದು ಗಟ್ಟಿಯಾದ ಕೈ. ಕಾಶಮ್ಮನಿಗೆ ತಾನು ಏನು ಮಾಡಬೇಕೆಂಬುದು ಆ ಕ್ಷಣದಲ್ಲಿ ತಿಳಿಯಿತು. ಮಾಡಲು ನಾಚಿಕೆಯೂ ಆಯಿತು.

"ಒಳಗೆ ಬರಲ್ಲ ತುಂಗಮ್ಮ" ಎಂದಳು. ಹೊಸಿಲಿನ ಎಡಕ್ಕಿದ್ದ ಜಗಲಿಯ ಮೇಲೆ, ಒಳಗೆ ಹೋಗುವವರು ತನ್ನನ್ನು ದಾಟಿಯೇ ಹೋಗಬೇಕಾದ ಜಾಗದಲ್ಲಿ, ಕಾಲು ಮಡಚಿ ಕೂತಳು. "ಇಲ್ಲೇ ಇರ್ತೀನಿ. ರಕ್ಷಾ ಬಂದ್ರೆ ಹೋಗ್ತೀನಿ."

ಚೌಡಪ್ಪ ಹಿತ್ತಲಿಂದ ಬಂದ. ಮೊದಲು ಮೆತ್ತಗೆ ಮಾತಾಡಿದ. ತಂದೆಯಿಲ್ಲದ ಹುಡುಗಿ, ಮೇಡಮ್ಮೂ ಹೋದರು, ಇನ್ನು ಯಾರು ದಿಕ್ಕು, ಒಳ್ಳೆ ಮನೆತನ ಸಿಕ್ಕಿದೆ, ಈಗ ಬರಿ ಮಾತು, ಮದುವೆ ಆಮೇಲೆ ನೋಡೋಣ. ಆಮೇಲೆ ದನಿ ಏರಿತು. "ಅಜ್ಜಿ, ನಿಮ್ಮ ಜನದಲ್ಲಿ ಸೂತಕ ಇಲ್ವಂತಲ್ಲ. ಅವತ್ತು ಅಲ್ಲೇ ಯಾರೋ ಹೇಳ್ತಿದ್ರು. ಮತ್ತೆ ಏನು ನಾಟಕ ಇದು?"

"ನನಗಿಲ್ಲಪ್ಪ. ನಿಮಗಿದೆಯಲ್ಲ."

ಸಂಧ್ಯಾ ಫಕ್ಕನೆ ನಕ್ಕು ಬಾಯಿ ಮುಚ್ಚಿಕೊಂಡಳು. ಚೌಡಪ್ಪ ಕೈ ಎತ್ತಿದ. ವಿಧವೆ ಮುದುಕಿಯನ್ನು, ಅದೂ ಹೆಣ ಕಳಿಸಿ ಬಂದವಳನ್ನು, ಮುಟ್ಟಿ ಎಬ್ಬಿಸಿದರೆ ತಾನು ಮತ್ತೆ ಸ್ನಾನ ಮಾಡಬೇಕು ಎಂಬುದು ನೆನಪಾದವನಂತೆ ಇಳಿಸಿದ. ಅಷ್ಟರಲ್ಲಿ ರಸ್ತೆಯ ಕಡೆಯಿಂದ ಒಂದು ಗಾಡಿ ಬಂದು ನಿಂತಿತು.

ಇಳಿದವರಲ್ಲಿ ಮುಂದೆ ಬಂದವಳು ಗಂಡಿನ ತಾಯಿಯಿರಬೇಕು. ರೇಷ್ಮೆ ಸೀರೆ, ಕೈಯಲ್ಲಿ ಹೂವು ಹಣ್ಣಿನ ತಟ್ಟೆ. ಜಗಲಿಯ ಮೇಲೆ ಬಿಳಿ ಸೀರೆ, ಬರಿಗತ್ತು, ಹಣೆಯ ತುಂಬ ವಿಭೂತಿಯನ್ನು ನೋಡಿ ಅವಳ ಹೆಜ್ಜೆ ನಿಂತಿತು. "ಇವರು ಯಾರು ಚೌಡಪ್ಪನೋರೆ?"

"ಯಾರೂ ಇಲ್ಲ, ನೀವು ಬನ್ನಿ ಒಳಗೆ" ಎಂದ ಚೌಡಪ್ಪ.

"ಸಾವಿನ ಮನೆಯೋಳು ತಾಯಿ" ಎಂದಳು ಕಾಶಮ್ಮ. ತನ್ನ ದನಿ ಇಷ್ಟು ಸ್ಪಷ್ಟವಾಗಿ ಬರುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. "ಈ ಹುಡುಗೀನ ಸಾಕ್ತಿದ್ದ ಮನೆ. ನಮ್ಮ ಶಾಂಭವೀನ ಮೊನ್ನೆ ಮಣ್ಣು ಮಾಡಿದ್ವಿ. ಹುಡುಗೀನ ಆ ಮನೆಯಿಂದಾನೇ ಕರ್ಕೊಂಡು ಬಂದಿದಾರೆ. ಹತ್ತನೇ ಕ್ಲಾಸು ಓದ್ತಾ ಇದಾಳೆ, ಹದಿನಾರು ತುಂಬಿಲ್ಲ. ನಿಮಗೆ ಹೇಳಿರಬೇಕಲ್ಲ?"

ವಯಸ್ಸಿನ ಮಾತಿಗೆ ಆ ಹೆಂಗಸಿನ ಕಣ್ಣು ಮಿಟುಕಲಿಲ್ಲ. ಅದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೇ ಹೂವು ಹಣ್ಣು ತಂದಿದ್ದಳು. ಆದರೆ ಸೀರೆಯ ನೆರಿಗೆಯನ್ನು ಒಂದು ಕೈಯಲ್ಲಿ ಎತ್ತಿಕೊಂಡು, ಜಗಲಿಯಿಂದ ಗಾಳಿ ಬೀಸಿದರೂ ತಗಲೀತೆಂಬಂತೆ ಹಿಂದೆ ಸರಿದಳು. "ಸೂತಕದ ಮನೆ ಹುಡುಗಿ ಅಂತ ಒಂದು ಮಾತು ಹೇಳ್ಲಿಲ್ಲವಲ್ಲ ನೀವು" ಎಂದಳು ಚೌಡಪ್ಪನಿಗೆ. ಹಿಂದಿದ್ದ ಗಂಡಸರು ತಮ್ಮತಮ್ಮಲ್ಲೇ ಏನೋ ಮಾತಾಡಿದರು. ತಟ್ಟೆ ಗಾಡಿಯೊಳಗೆ ವಾಪಸು ಹೋಯಿತು. ಚೌಡಪ್ಪ ಗಾಡಿಯ ಕಿಟಕಿ ಹಿಡಿದುಕೊಂಡು ಬೇಡಿಕೊಳ್ಳುತ್ತ ಸ್ವಲ್ಪ ದೂರ ಜೊತೆಯಲ್ಲೇ ಹೆಜ್ಜೆ ಹಾಕಿದ.

ಗೆದ್ದೆ ಎಂದು ಕಾಶಮ್ಮನಿಗೆ ಎನ್ನಿಸಬೇಕಿತ್ತು, ಎನ್ನಿಸಲಿಲ್ಲ. ಎಳೆಯ ಹುಡುಗಿಯ ವಯಸ್ಸಿಗೆ ಹೆದರದವರು, ಓದಿಗೆ ಹೆದರದವರು, ಕಾನೂನಿಗೆ ಹೆದರದವರು ಒಂದು ಮುದುಕಿಯ ಬೋಳು ಕತ್ತಿಗೆ ಹೆದರಿ ಓಡಿದರು. ಶಾಂಭವಿ ಹತ್ತು ವರ್ಷ ಓಡಾಡಿ, ಬೇಡಿ, ತಿಳಿಹೇಳಿ ಮಾಡಲಾಗದ್ದನ್ನು ತಾನು ಅಪಶಕುನವಾಗಿ ಕೂತು ಮಾಡಿದ್ದಾಯಿತು. ಇದಕ್ಕೆ ಸಂತೋಷಪಡಬೇಕೇ? ಈ ಜನರಿಗೆ ದೇವರ ಭಯವಿಲ್ಲ, ದೇವರ ಹೆಸರಿನಲ್ಲಿ ತಾವೇ ಮಾಡಿಟ್ಟುಕೊಂಡ ಬೊಂಬೆಗಳ ಭಯ. ಆ ಬೊಂಬೆಗಳಲ್ಲಿ ಒಂದಾಗಿ ಬಾಳಿದ್ದವಳು ತಾನೇ ಎಂದು ನೆನೆದಾಗ ಸಿಟ್ಟು ಎಲ್ಲಿಯೂ ಹೋಗಲಾರದೆ ಎದೆಯಲ್ಲೇ ನಿಂತಿತು.

ವಾಪಸು ಬಂದ ಚೌಡಪ್ಪ ಒಳಗೆ ನೋಡಿ ಕೂಗಿದ: "ಹೋಗ್ ಹೋಗು. ಸಾವು ಹೊತ್ಕೊಂಡು ಬಂದಿದೀಯ, ಅದನ್ನ ಹೊತ್ಕೊಂಡೇ ಹೋಗು. ಇನ್ನು ಯಾರೂ ಕೇಳಲ್ಲ ನಿನ್ನ." ರಕ್ಷಾ ಸೀರೆ ಬಿಚ್ಚಿಟ್ಟು, ಹಾಸ್ಟೆಲಿನ ನೀಲಿ ಟ್ರ್ಯಾಕ್ ಪ್ಯಾಂಟು ಹಾಕಿಕೊಂಡು ಚೀಲದ ಸಮೇತ ಬಂದಾಗ, ತುಂಗಮ್ಮ ಮೊಮ್ಮಗಳ ಕೈಗೆ ಒಂದು ಎಲೆಯಲ್ಲಿ ಸುತ್ತಿದ ಹೋಳಿಗೆ ಇಟ್ಟಳು. ಯಾರ ಮುಖವನ್ನೂ ನೋಡದೆ ಒಳಗೆ ಹೋದಳು.

ಬಸ್ಸಿಗೆ ಕಾಯುತ್ತ ಮೂವರೂ ನಿಂತಿದ್ದರು. ಸಹಾಯವಾಣಿಯಿಂದ ಫೋನು ಬಂತು. ಹುಡುಗಿ ಜೊತೆಯಲ್ಲಿದ್ದಾಳೆ, ನಾಳೆ ಹಾಸ್ಟೆಲಿಗೆ ಬಂದು ಮಾತಾಡಿ ಎಂದಳು ಸಂಧ್ಯಾ. ರಕ್ಷಾ ರಸ್ತೆಯನ್ನು ನೋಡುತ್ತಲೇ ಕೇಳಿದಳು. "ಅವತ್ತು ಯಾಕೆ ಕೂಗಲಿಲ್ಲ ಅಜ್ಜಿ?"

"ಕೂಗಬಾರದು ಅಂತ."

"ನಾನು ಗೇಟ್ ಹತ್ರ ನಿಂತೆ. ನೀವು ಕೂಗಿದ್ರೆ ಕೈ ಬಿಡಿಸ್ಕೊಂಡು ಓಡಿ ಬರ್ತಿದ್ದೆ. ದೊಡ್ಡಪ್ಪ ಹಿಡಿಯೋಕೆ ಆಗ್ತಿರಲಿಲ್ಲ."

"ಗೊತ್ತು."

"ಗೊತ್ತಿದ್ರೆ ಮತ್ತೆ?"

ತಪ್ಪಾಯಿತು ಎಂದು ಕಾಶಮ್ಮ ಹೇಳಬಹುದಿತ್ತು, ಆ ಮಾತು ಹೇಳಿದರೆ ಹುಡುಗಿ ಪರವಾಗಿಲ್ಲ ಅಜ್ಜಿ ಎನ್ನಬೇಕಾಗುತ್ತದೆ, ಆ ಹೊರೆಯನ್ನೂ ಇವಳ ಮೇಲೆ ಹೊರಿಸುವುದು ಬೇಡವೆನ್ನಿಸಿತು. ಬಸ್ಸು ಬಂತು. ರಕ್ಷಾ ಪಕ್ಕದಲ್ಲಿ ಕೂರಲಿಲ್ಲ. ಸಂಧ್ಯಾಳ ಜೊತೆ ಮುಂದಿನ ಸೀಟಿನಲ್ಲಿ ಕೂತು ಹೋಳಿಗೆಯನ್ನು ಮುರಿದು ಅವಳಿಗೂ ಕೊಟ್ಟಳು. ಹಿಂದಕ್ಕೆ ತಿರುಗಿ ಒಂದು ತುಂಡನ್ನು ಕಾಶಮ್ಮನ ಕಡೆಗೂ ಚಾಚಿದಳು, ಮುಖ ಬೇರೆ ಕಡೆ ಇತ್ತು. ಕಾಶಮ್ಮ ತೆಗೆದುಕೊಂಡು ತಿಂದಳು. ಸಂಜೆಯ ಪೂಜೆಯ ಹೊತ್ತು ಮೀರುತ್ತಿತ್ತು. ಬಾಟಲಿಯ ನೀರಿನಲ್ಲಿ ಕೈ ತೊಳೆದು, ಕರಡಿಗೆಯಿಂದ ಲಿಂಗವನ್ನು ತೆಗೆದು ಎಡ ಅಂಗೈಯಲ್ಲಿ ಇಟ್ಟುಕೊಂಡಳು. ಬಸ್ಸು ಕುಲುಕುತ್ತಿತ್ತು, ಬಲಗೈಯನ್ನು ಅದಕ್ಕೆ ಮರೆಮಾಡಿ ಹಿಡಿದಳು. ಕಣ್ಣು ಮುಚ್ಚಿದಳು.

ಶಿವನೇ, ನಮ್ಮ ಶಾಂಭವಿ ನಿನ್ನ ಹತ್ತಿರ ಬಂದಿದ್ದಾಳೆ. ಈ ಮಕ್ಕಳ ಚಿಂತೆಯನ್ನು ಅಲ್ಲಿಗೂ ಹೊತ್ತು ತಂದಿದ್ದರೆ ಅವಳ ತಲೆಯಿಂದ ಇಳಿಸಿಕೋ. ಇವತ್ತು ನಡೆದದ್ದನ್ನು ಅವಳಿಗೆ ಹೇಳಬೇಡ. ಕೇಳಿಯೇ ಕೇಳುತ್ತಾಳೆ, ಆಗ ಹುಡುಗಿ ಬಸ್ಸು ಹತ್ತಿದಳು ಎಂಬಷ್ಟನ್ನು ಹೇಳು. ನನ್ನ ಸಿಟ್ಟನ್ನು ಈಗಲೇ ತೆಗೆದುಕೊಳ್ಳಬೇಡ, ಇಲ್ಲಿ ಅದರ ಕೆಲಸ ಇನ್ನೂ ಇದೆ. ಅವಳದು ಮುಗಿಯಿತು. ಅವಳು ಎದ್ದು ಯಾರ ಬಾಗಿಲಿಗೂ ಹೋಗದ ಹಾಗೆ, ಯಾರನ್ನೂ ಬೇಡದ ಹಾಗೆ, ಅವಳಿಗೆ ನಿನ್ನಲ್ಲಿ ಶಾಂತಿಯನ್ನು ಕೊಡು.